ಸಾರುವೆ ಮತ್ತು ನೆರಳು

ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡವು. 1898ರಲ್ಲಿ ಪ್ಲೇಗು ರೋಗವು ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಆವರಿಸಿದಾಗ, ಗಾಳಿ ಬೆಳಕುಗಳು ಧಾರಾಳವಾಗಿ ದೊರೆಯುವ ಹೊಸ ಬಡಾವಣೆಗಳ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ನೇರವಾದ ರಸ್ತೆಗಳು, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ಸಣ್ಣ ಓಣಿ, ಬೀದಿಯುದ್ದಕ್ಕೂ ಮರಗಳು, ಇವೆಲ್ಲವೂ ಜನರ ಆರೋಗ್ಯವನ್ನು ಗಮನದಲ್ಲಿರಿಸಿಕೊಂಡು ಏರ್ಪಟ್ಟವು.

ಇಂದು ಆ ಬೀದಿಗಳಲ್ಲಿ ನಡೆದುಹೋಗುವವರಿಗೆ ಬೇರೊಂದು ನೋಟ ಕಾಣುತ್ತದೆ. ಮಂಗಳೂರು ಹೆಂಚಿನ ಹಳೆಯ ಮನೆಗಳು ಒಂದೊಂದಾಗಿ ಕೆಳಗುರುಳಿ, ಅವುಗಳ ನಿವೇಶನದಲ್ಲಿ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಮೇಲೇಳುತ್ತಿವೆ. ಹೊಸ ಗೋಡೆಯನ್ನು ಆತುಕೊಂಡು ನೀಲಗಿರಿ ಮರದ ಅಥವಾ ಕಬ್ಬಿಣದ ಕೊಳವೆಗಳ ಒಂದು ಹಂದರ ನಿಂತಿರುತ್ತದೆ. ಅದರ ಮೇಲೆ ಗಾರೆ ಕೆಲಸದವರು ಕರಣೆ ಹಿಡಿದು ನಿಂತಿರುತ್ತಾರೆ. ಕೆಳಗಿನಿಂದ ಹೆಂಗಸರು ಬಾಂಡ್ಲಿಗಳಲ್ಲಿ ಗಾರೆ ಹೊತ್ತು ಏರುತ್ತಿರುತ್ತಾರೆ. ವಾಸಿಸುವವರ ಆರೋಗ್ಯಕ್ಕಾಗಿ ಹುಟ್ಟಿದ ಬಡಾವಣೆಗಳಲ್ಲಿ, ಮನೆಯನ್ನು ಕಟ್ಟಿಕೊಡುವವರ ಪ್ರಾಣ ಎಷ್ಟು ಸುರಕ್ಷಿತವಾಗಿದೆ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಗೋಡೆ ಎದೆಯ ಮಟ್ಟಕ್ಕಿಂತ ಮೇಲೇರಿದ ಕೂಡಲೇ ಕೆಲಸಗಾರನಿಗೆ ನಿಲ್ಲಲು ಎತ್ತರದ ನೆಲೆಯೊಂದು ಬೇಕಾಗುತ್ತದೆ. ಆ ತಾತ್ಕಾಲಿಕ ನೆಲೆಗೆ ಸಾರುವೆ ಎಂದು ಹೆಸರು. ಕಟ್ಟಡದ ಅಡಿಪಾಯ, ಕಂಬ, ತಾರಸಿಗಳು ಶಾಶ್ವತವಾದವು. ಸಾರುವೆಯಾದರೋ ಕೆಲಸ ಮುಗಿದ ಮರುದಿನವೇ ಬಿಚ್ಚಿಹೋಗುವಂಥದು. ಈ ಕಾರಣದಿಂದಲೇ ಅದರ ವಿಷಯದಲ್ಲಿ ಉದಾಸೀನ ಬೆಳೆಯುತ್ತದೆ. ನಾಳೆ ಬಿಚ್ಚುವ ವಸ್ತುವಿಗೆ ಹಣವನ್ನೇಕೆ ಸುರಿಯಬೇಕು ಎಂದು ಮನೆ ಕಟ್ಟಿಸುವವನು ಯೋಚಿಸುತ್ತಾನೆ. ಎರಡು ದಿನದ ಕೆಲಸಕ್ಕೆ ಇಷ್ಟು ಸಾಕು ಎಂದು ಮೇಸ್ತ್ರಿ ಸಮಾಧಾನ ತಂದುಕೊಳ್ಳುತ್ತಾನೆ. ಆದರೆ ಆ ಎರಡು ದಿನಗಳಲ್ಲಿ ನಾಲ್ಕಾರು ಮಂದಿಯ ಜೀವ ಆ ಕಟ್ಟಿನ ಮೇಲೆಯೇ ನಿಂತಿರುತ್ತದೆ.

ಎತ್ತರದಿಂದ ಬೀಳುವುದೆಂದರೇನೆಂಬುದನ್ನು ಗುರುತ್ವದ ಪಾಠವನ್ನು ಓದಿದ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಸುಮಾರು 5 ಮೀಟರ್ ಎತ್ತರದಿಂದ ಬಿದ್ದ ವಸ್ತು ಒಂದು ಸೆಕೆಂಡಿನಲ್ಲಿ ನೆಲವನ್ನು ಮುಟ್ಟುತ್ತದೆ. ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 10 ಮೀಟರಿನಷ್ಟು, ಅಂದರೆ ಗಂಟೆಗೆ ಸುಮಾರು 36 ಕಿಲೋಮೀಟರ್. ಓಡುವ ವಾಹನವೊಂದರಿಂದ ನೆಲಕ್ಕೆ ಎಸೆಯಲ್ಪಟ್ಟಂತೆಯೇ ಇದು. ಒಂದು ಸೆಕೆಂಡಿನಲ್ಲಿ ಮನುಷ್ಯನು ಏನನ್ನಾದರೂ ಹಿಡಿದುಕೊಂಡು ಪಾರಾಗುವನೆಂದು ನಂಬುವಂತಿಲ್ಲ. ಆದ್ದರಿಂದ ಬೀಳುವಿಕೆಯನ್ನು ತಡೆಯುವ ಏರ್ಪಾಡು ಮೊದಲೇ ಆಗಿರಬೇಕು. ಧೈರ್ಯವಾಗಲಿ, ಅನುಭವವಾಗಲಿ ಆ ಏರ್ಪಾಡಿನ ಸ್ಥಾನವನ್ನು ತುಂಬಲಾರವು.

ಒಳ್ಳೆಯ ಸಾರುವೆಯ ಲಕ್ಷಣಗಳು ಸರಳವಾದವು. ಮೊದಲನೆಯದು ಅದರ ಪಾದ. ಹಳೆಯ ಬಡಾವಣೆಗಳಲ್ಲಿ ಮನೆಯ ಮುಂದೆಯೇ ಚರಂಡಿ, ಅದರ ಮೇಲೆ ಹಾಸಿದ ಚಪ್ಪಡಿ, ಪಕ್ಕದಲ್ಲಿ ಎಂದೋ ಅಗೆದು ಮುಚ್ಚಿದ ಮಣ್ಣು, ಇವು ಸಾಮಾನ್ಯ. ಚಪ್ಪಡಿಯ ಮೇಲೋ ಸಡಿಲವಾದ ಮಣ್ಣಿನ ಮೇಲೋ ಕಂಬವನ್ನು ನಿಲ್ಲಿಸಿದರೆ, ಮೇಲೆ ಭಾರ ಬಿದ್ದಾಗ ಒಂದು ಕಂಬ ಕುಸಿದು ಇಡೀ ಸಾರುವೆ ವಾಲುತ್ತದೆ. ಆದುದರಿಂದ ಪ್ರತಿಯೊಂದು ಕಂಬದ ಕೆಳಗೂ ಗಟ್ಟಿ ನೆಲವಿರಬೇಕು. ಭಾರವನ್ನು ಹರಡಲು ಅಗಲವಾದ ಹಲಗೆಯಿರಬೇಕು. ಇಟ್ಟಿಗೆ ಚೂರುಗಳನ್ನು ಪೇರಿಸಿ ಮಟ್ಟ ಮಾಡುವುದು ಅಪಾಯಕರ.

ಎರಡನೆಯದು ಓರೆಯ ಕಟ್ಟು. ನಾಲ್ಕು ಕಡ್ಡಿಗಳನ್ನು ಕೂಡಿಸಿದ ಚೌಕವನ್ನು ಬೆರಳಿನಿಂದ ತಳ್ಳಿದರೆ ಅದು ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಕೋನವನ್ನು ಎಷ್ಟು ತಳ್ಳಿದರೂ ಅದರ ಆಕಾರ ಕೆಡುವುದಿಲ್ಲ. ನಿಂತ ಕಂಬಗಳೂ ಅಡ್ಡ ಕಂಬಗಳೂ ಸೇರಿ ಚೌಕಗಳಾಗುತ್ತವೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟಿದ ಕಂಬವು ಆ ಚೌಕಗಳನ್ನು ತ್ರಿಕೋನಗಳನ್ನಾಗಿ ಮಾಡುತ್ತದೆ. ಇದಲ್ಲದೆ, ಸಾರುವೆಯನ್ನು ಅಲ್ಲಲ್ಲಿ ಕಟ್ಟಡಕ್ಕೂ ಬಿಗಿಯಬೇಕು.

ಮೂರನೆಯದು ನಿಲ್ಲುವ ಹಲಗೆ ಮತ್ತು ಅದರ ಅಂಚು. ಹಲಗೆಗಳು ಸಂದಿಲ್ಲದೆ ಕೂಡಿಕೊಂಡಿರಬೇಕು. ಜಾರದಂತೆ, ಒಂದು ತುದಿ ಮೇಲೇಳದಂತೆ ಕಟ್ಟಲ್ಪಟ್ಟಿರಬೇಕು. ಹೊರ ಅಂಚಿನಲ್ಲಿ ಸುಮಾರು 1 ಮೀಟರ್ ಎತ್ತರಕ್ಕೆ ತಡೆಗಂಬಿಯೂ, ಕಾಲಿನ ಬಳಿ ಸುಮಾರು 15 ಸೆಂಟಿಮೀಟರ್ ಎತ್ತರದ ಅಂಚು ಹಲಗೆಯೂ ಇರಬೇಕು. ತಡೆಗಂಬಿಯು ಮನುಷ್ಯನನ್ನು ಕಾಯುತ್ತದೆ. ಅಂಚು ಹಲಗೆಯು ಇಟ್ಟಿಗೆಯೋ ಸುತ್ತಿಗೆಯೋ ಉರುಳಿ ಬೀದಿಯಲ್ಲಿ ನಡೆಯುವವರ ತಲೆಯ ಮೇಲೆ ಬೀಳದಂತೆ ತಡೆಯುತ್ತದೆ. ಹಲಗೆಯ ಮೇಲೆ ಪೇರಿಸುವ ಭಾರಕ್ಕೂ ಮಿತಿಯುಂಟು. ಒಂದು ಇಟ್ಟಿಗೆಯ ತೂಕ ಸುಮಾರು 3 ಕಿಲೋ. ನೂರು ಇಟ್ಟಿಗೆಗಳೆಂದರೆ 300 ಕಿಲೋ, ಅಂದರೆ ಐದು ಮಂದಿಯನ್ನು ಒಂದೇ ಕಡೆ ಒತ್ತಾಗಿ ನಿಲ್ಲಿಸಿದಂತೆ.

ನಾಲ್ಕನೆಯದು ವಿದ್ಯುತ್ ತಂತಿ. ಇಕ್ಕಟ್ಟಾದ ಅಡ್ಡರಸ್ತೆಗಳಲ್ಲಿ ತಂತಿಗಳು ಮಹಡಿಯ ಅಂಚಿಗೆ ತೀರ ಸಮೀಪದಲ್ಲಿ ಹಾದುಹೋಗಿರುತ್ತವೆ. ಕಬ್ಬಿಣದ ಕೊಳವೆಯನ್ನು ಎತ್ತಿ ನಿಲ್ಲಿಸುವಾಗ ಅದರ ತುದಿ ತಂತಿಗೆ ತಗುಲಿದರೆ, ಹಿಡಿದವನಿಗೆ ಕೈಬಿಡಲೂ ಅವಕಾಶವಿರುವುದಿಲ್ಲ. ವಿದ್ಯುತ್ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ, ಸಂಪರ್ಕವನ್ನು ತಪ್ಪಿಸಿದ ಮೇಲೆಯೇ ಅಂಥ ಕಡೆ ಕೆಲಸವನ್ನು ಆರಂಭಿಸತಕ್ಕದ್ದು.

ಕಟ್ಟುವ ಹಂತದಲ್ಲಿರುವ ರಚನೆ ಎಷ್ಟು ಅಪಾಯಕಾರಿ ಎಂಬುದನ್ನು ಬೆಂಗಳೂರು ಕಹಿ ಅನುಭವದಿಂದಲೇ ಕಲಿತಿದೆ. 1983ರ ಸೆಪ್ಟೆಂಬರಿನಲ್ಲಿ ಸುಬೇದಾರ್ ಛತ್ರದ ರಸ್ತೆಯಲ್ಲಿ ನಿರ್ಮಾಣದಲ್ಲಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2023ರ ಜನವರಿಯಲ್ಲಿ ನಾಗವಾರದ ಬಳಿ ಮೆಟ್ರೋ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಹಂದರ ಉರುಳಿ, ರಸ್ತೆಯಲ್ಲಿ ದ್ವಿಚಕ್ರ ವಾಹನದಲ್ಲಿ ಸಾಗುತ್ತಿದ್ದ ತಾಯಿ ಮತ್ತು ಮಗು ಮೃತಪಟ್ಟರು. ಮೊದಲನೆಯದು ಬಹುಮಹಡಿಯ ಕಟ್ಟಡ, ಎರಡನೆಯದು ಕೇವಲ ಒಂದು ಹಂದರ. ಆದರೂ ಎರಡರಲ್ಲಿಯೂ ಒಂದು ಸಾಮ್ಯವಿದೆ: ಪೂರ್ಣಗೊಳ್ಳದ ರಚನೆಗೆ ತನ್ನ ಭಾರವನ್ನು ತಾನೇ ಹೊರುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಅಲ್ಲಿಯವರೆಗೆ ಅದನ್ನು ಕಾಪಾಡುವ ಹೊಣೆ ಕಟ್ಟುವವರದು.

ಮುನ್ನೆಚ್ಚರಿಕೆಯಿಂದ ಫಲವುಂಟೇ ಎಂಬ ಪ್ರಶ್ನೆಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆ ಉತ್ತರ ನೀಡುತ್ತದೆ. 1933ರಿಂದ 1937ರವರೆಗೆ ನಡೆದ ಅದರ ನಿರ್ಮಾಣದಲ್ಲಿ ಮುಖ್ಯ ಎಂಜಿನಿಯರಾಗಿದ್ದ ಜೋಸೆಫ್ ಸ್ಟ್ರಾಸ್ ಅವರು ಸೇತುವೆಯ ಕೆಳಗೆ ಉದ್ದಕ್ಕೂ ಬಲೆಯನ್ನು ಕಟ್ಟಿಸಿದರು. ಆ ಬಲೆ 19 ಮಂದಿಯ ಪ್ರಾಣವನ್ನು ಉಳಿಸಿತು. ಆದರೆ 1937ರ ಫೆಬ್ರವರಿ 17ರಂದು ಚಲಿಸುವ ಸಾರುವೆಯೊಂದು ಕಳಚಿ ಬಿದ್ದು, ಅದರ ಭಾರಕ್ಕೆ ಬಲೆಯೇ ಹರಿದು 10 ಮಂದಿ ಮಡಿದರು. ಬೀಳುವ ಮನುಷ್ಯನನ್ನು ಹಿಡಿಯುವ ಬಲೆ ಅಮೂಲ್ಯವಾದುದೇ ಸರಿ. ಆದರೆ ಸಾರುವೆಯೇ ಗಟ್ಟಿಯಾಗಿರದಿದ್ದರೆ ಉಳಿದ ರಕ್ಷಣೆಗಳೂ ಸೋಲುತ್ತವೆ ಎಂಬುದನ್ನು ಈ ಘಟನೆ ತೋರಿಸುತ್ತದೆ.

ಹೀಗೆ ಸಾರುವೆಯನ್ನು ಭದ್ರಪಡಿಸಿದ ಮೇಲೂ ಅದರ ಮೇಲೆ ನಿಂತ ಮನುಷ್ಯನ ಸ್ಥಿತಿಯ ಪ್ರಶ್ನೆ ಉಳಿಯುತ್ತದೆ. ಕಂಬ ನೆಟ್ಟಗಿದ್ದು ಮನುಷ್ಯನೇ ತೂರಾಡಿದರೆ ಏನು ಮಾಡುವುದು? ಬೇಸಿಗೆಯ ಶಾಖ ಇಲ್ಲಿ ಕಣ್ಣಿಗೆ ಕಾಣದ ಶತ್ರುವಾಗಿ ಬರುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಹವೆ ತಂಪಾದುದೆಂಬ ಮಾತು ಬಹಳ ಹಿಂದಿನಿಂದ ಪ್ರಸಿದ್ಧವಾಗಿದೆ. ಬಿಸಿಲಿನ ಪೆಟ್ಟು ಏನಿದ್ದರೂ ಕಲಬುರಗಿ, ರಾಯಚೂರುಗಳ ಸಂಗತಿ ಎಂದು ನಗರವಾಸಿಗಳು ಭಾವಿಸುವುದುಂಟು. ಕಲಬುರಗಿ ಮೊದಲಾದ ಬಿಸಿಲ ನಾಡಿನ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ಬದಲಾಯಿಸುವ ರೂಢಿಯಿದೆ. ಬೆಂಗಳೂರಿನಲ್ಲಿ ಅಂಥ ರೂಢಿಯಿಲ್ಲ. ಆದರೆ 2016ರ ಏಪ್ರಿಲ್ 24ರಂದು ಇದೇ ನಗರದಲ್ಲಿ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. 2024ರ ಏಪ್ರಿಲಿನಲ್ಲಿ 38 ಡಿಗ್ರಿಯನ್ನು ಮೀರಿತ್ತು. ಹವಾಮಾನ ಇಲಾಖೆಯ ಈ ಅಂಕಿಗಳು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗಿಟ್ಟ ಉಷ್ಣಮಾಪಕದವು. ಸಾರುವೆಯ ಮೇಲಿನವನಿಗೆ ಆ ನೆರಳಿಲ್ಲ. ಮೇಲಿನಿಂದ ಸೂರ್ಯ, ಎದುರಿನಿಂದ ಕಾದ ಗೋಡೆ, ಕೈಯಲ್ಲಿ ಕಾದ ಕಬ್ಬಿಣ. ಅವನ ಮೈ ಎದುರಿಸುವ ಶಾಖ ಪತ್ರಿಕೆಯಲ್ಲಿ ಅಚ್ಚಾಗುವ ಅಂಕಿಗಿಂತ ಹೆಚ್ಚಿನದು.

ಮನುಷ್ಯ ದೇಹದ ಸಹಜ ಉಷ್ಣತೆ ಸುಮಾರು 37 ಡಿಗ್ರಿ. ದುಡಿಯುವ ಸ್ನಾಯುಗಳು ಬಳಸುವ ಶಕ್ತಿಯ ಬಹುಪಾಲು ಶಾಖವಾಗಿಯೇ ಹೊರಬೀಳುತ್ತದೆ. ಆದ್ದರಿಂದ ಭಾರ ಹೊರುವವನು ಹೊರಗಿನ ಬಿಸಿಲಿನ ಜೊತೆಗೆ ತನ್ನೊಳಗಿನ ಶಾಖವನ್ನೂ ಹೊರಹಾಕಬೇಕಾಗುತ್ತದೆ. ಇದಕ್ಕೆ ದೇಹದ ಮುಖ್ಯ ಸಾಧನ ಬೆವರು. ಒಂದು ಲೀಟರ್ ಬೆವರು ಮೈಮೇಲೆ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಆವಿಯಾಗದೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಪ್ರಯೋಜನವಿಲ್ಲ. ಮಳೆಗಾಲ ಸಮೀಪಿಸಿ ಗಾಳಿಯಲ್ಲಿ ತೇವ ಹೆಚ್ಚಿದ ದಿನಗಳು ಉಷ್ಣತೆ ತುಸು ಇಳಿದಿದ್ದರೂ ಪೀಡಾಕರವಾಗಿರುವುದಕ್ಕೆ ಇದೇ ಕಾರಣ.

ಶಾಖದ ಪೀಡೆ ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಾಲು, ತೋಳು, ಹೊಟ್ಟೆಗಳ ಸ್ನಾಯುಗಳು ಹಿಡಿದುಕೊಂಡು ಸೆಳೆಯುವುದು ಒಂದು. ತಲೆನೋವು, ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ನಿತ್ರಾಣ, ಇವು ಎರಡನೆಯ ರೂಪವಾದ ಶಾಖದ ಬಳಲಿಕೆಯ ಚಿಹ್ನೆಗಳು. ಮೂರನೆಯದಾದ ಸೂರ್ಯಾಘಾತದಲ್ಲಿ ದೇಹದ ಒಳಗಿನ ಉಷ್ಣತೆ 40 ಡಿಗ್ರಿಯನ್ನು ಮುಟ್ಟುತ್ತದೆ ಅಥವಾ ಮೀರುತ್ತದೆ. ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ, ನಡಿಗೆ ತಪ್ಪುತ್ತದೆ, ಕೊನೆಗೆ ಪ್ರಜ್ಞೆ ಹೋಗುತ್ತದೆ. ಸೂರ್ಯಾಘಾತವಾದವನ ಮೈ ಒಣಗಿರುತ್ತದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಶ್ರಮದ ಕೆಲಸ ಮಾಡುತ್ತಿದ್ದವನಲ್ಲಿ ಬೆವರು ಸುರಿಯುತ್ತಲೇ ಇರಬಹುದು. ಬುದ್ಧಿಯಲ್ಲಾದ ವ್ಯತ್ಯಾಸವೇ ಮುಖ್ಯವಾದ ಎಚ್ಚರಿಕೆ.

ಈ ಚಿಹ್ನೆಗಳು ನೆಲದ ಮೇಲೆ ಕಾಣಿಸಿಕೊಂಡರೆ ಕುಳಿತು ಸುಧಾರಿಸಿಕೊಳ್ಳಬಹುದು. ಅರ್ಧ ಮೀಟರ್ ಅಗಲದ ಹಲಗೆಯ ಮೇಲೆ ಕಾಣಿಸಿಕೊಂಡರೆ ಹಾಗಲ್ಲ. ಅಲ್ಲಿ ಒಂದು ಕ್ಷಣದ ತಲೆಸುತ್ತು ಸಾಕು. ಕಾಲಿನ ಒಂದು ಸೆಳೆತ ಸಾಕು. ಬೆವರಿದ ಅಂಗೈ ಕೊಳವೆಯ ಮೇಲೆ ಜಾರಿದರೆ ಸಾಕು. ಶಾಖವು ಮೊದಲು ಕುಗ್ಗಿಸುವುದು ಗಮನವನ್ನು. ಕಟ್ಟಿದ ಗಂಟು ಬಿಗಿಯಾಗಿದೆಯೇ, ಹಲಗೆಯ ತುದಿ ಎಲ್ಲಿದೆ ಎಂಬ ಎಚ್ಚರ ಸಡಿಲವಾಗುತ್ತದೆ. ಕಾಲು ಜಾರಿ ಬಿದ್ದ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಅಪಘಾತದ ಹಿಂದೆ, ಬೆಳಗಿನಿಂದ ನೀರು ಕುಡಿಯದೆ ದುಡಿದ ನಾಲ್ಕು ಗಂಟೆಗಳು ಇರಬಹುದು. ಆದ್ದರಿಂದ ನೀರು, ನೆರಳು, ವಿಶ್ರಾಂತಿಗಳು ಸಾರುವೆಯ ಕಂಬ ಹಲಗೆಗಳಷ್ಟೇ ಅಗತ್ಯವಾದ ಆಧಾರಗಳು. ಎತ್ತರದ ಅಪಾಯವನ್ನೂ ಶಾಖದ ಅಪಾಯವನ್ನೂ ಬೇರೆ ಬೇರೆಯಾಗಿ ಎಣಿಸುವುದು ಸರಿಯಲ್ಲ.

ದೇಹವು ಶಾಖಕ್ಕೆ ಹೊಂದಿಕೊಳ್ಳಬಲ್ಲದು; ಆದರೆ ಅದಕ್ಕೆ ಒಂದರಿಂದ ಎರಡು ವಾರಗಳ ಕಾಲ ಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ಕೆಲವು ದಿನಗಳೇ ಹೆಚ್ಚು ಅಪಾಯದವು. ಮೊದಲ ದಿನ ಬಿಸಿಲಿನಲ್ಲಿ ಪೂರ್ಣ ಕೆಲಸದ ಐದನೆಯ ಒಂದು ಭಾಗವನ್ನಷ್ಟೇ ಕೊಟ್ಟು, ದಿನದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತ ಹೋಗಬೇಕೆಂದು ತಜ್ಞರು ಸೂಚಿಸುತ್ತಾರೆ. ರಾಯಚೂರು, ಯಾದಗಿರಿಗಳಿಂದ ಬಂದವರು ಬಿಸಿಲಿಗೆ ಹುಟ್ಟಿನಿಂದಲೇ ಒಗ್ಗಿದವರೆಂದು ಭಾವಿಸುವುದು ತಪ್ಪು. ಆ ಹೊಂದಾಣಿಕೆ ಶಾಶ್ವತವಲ್ಲ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗಿ ವಾರಗಟ್ಟಲೆ ಬಿಡುವಿನಲ್ಲಿದ್ದು ಮರಳಿದವನ ದೇಹವೂ ಮತ್ತೆ ಕ್ರಮವಾಗಿಯೇ ಪಳಗಬೇಕು.

ಈ ತಿಳಿವಳಿಕೆ ಪುಕ್ಕಟೆಯಾಗಿ ದೊರೆತದ್ದಲ್ಲ. ಅಮೆರಿಕದ ಕೊಲರಾಡೋ ನದಿಗೆ ಹೂವರ್ ಅಣೆಕಟ್ಟನ್ನು ಕಟ್ಟುವಾಗ, 1931ರ ಬೇಸಿಗೆಯಲ್ಲಿ ಹತ್ತಕ್ಕೂ ಹೆಚ್ಚು ಕಾರ್ಮಿಕರು ಶಾಖದಿಂದಲೇ ಸತ್ತರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅಲ್ಲಿಗೆ ಬಂದು ದುಡಿಯುವವರ ದೇಹಸ್ಥಿತಿಯನ್ನು ಪರೀಕ್ಷಿಸಿದರು. ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ಆಗಿಂದಾಗ್ಗೆ ತುಂಬಿಕೊಡಬೇಕೆಂಬ ಅಂಶ ಅಲ್ಲಿ ಸ್ಪಷ್ಟವಾಯಿತು.

ಪರಿಹಾರಗಳು ದುಬಾರಿಯಾದವಲ್ಲ. ಭಾರದ ಕೆಲಸವನ್ನು ಬೆಳಗಿನ ತಂಪು ಹೊತ್ತಿಗೆ ಇರಿಸಿ, ನಡುಮಧ್ಯಾಹ್ನವನ್ನು ವಿಶ್ರಾಂತಿಗೂ ನೆರಳಿನ ಕೆಲಸಕ್ಕೂ ಬಿಡಬಹುದು. ಬಾಯಾರುವವರೆಗೆ ಕಾಯದೆ, ಹದಿನೈದು ಇಪ್ಪತ್ತು ನಿಮಿಷಗಳಿಗೊಮ್ಮೆ ಒಂದು ಲೋಟದಷ್ಟು ನೀರನ್ನು ಕುಡಿಯುತ್ತಿರಬೇಕು. ಊಟದ ಹೊತ್ತಿನಲ್ಲಿ ಉಪ್ಪು ಬೆರೆತ ಮಜ್ಜಿಗೆ, ರಾಗಿ ಅಂಬಲಿಗಳು ಹಿತಕರ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಲಸದ ಸ್ಥಳದಲ್ಲಿ ಶೌಚಾಲಯವಿಲ್ಲದಿದ್ದರೆ, ಹೆಂಗಸರು ಸಂಕೋಚದಿಂದ ನೀರನ್ನೇ ಕಡಿಮೆ ಕುಡಿಯುತ್ತಾರೆ. ಕೊಡದ ತುಂಬ ನೀರಿದ್ದರೂ ಅದು ಅವರ ಪಾಲಿಗೆ ಇಲ್ಲದಂತೆಯೇ. ಆದುದರಿಂದ ಶೌಚಾಲಯದ ವ್ಯವಸ್ಥೆಯೂ ಶಾಖದಿಂದ ರಕ್ಷಿಸುವ ಉಪಾಯಗಳಲ್ಲಿ ಒಂದಾಗುತ್ತದೆ.

ಯಾರಾದರೂ ಬಿಸಿಲಿಗೆ ಬಳಲಿ ಅಸಂಬದ್ಧವಾಗಿ ಮಾತನಾಡತೊಡಗಿದರೆ, ಅವರನ್ನು ತಕ್ಷಣ ನೆರಳಿಗೆ ತರಬೇಕು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ಬಟ್ಟೆಯನ್ನು ಸಡಿಲಿಸಿ ಮೈತುಂಬ ನೀರು ಸುರಿಯುತ್ತ ಗಾಳಿ ಬೀಸುತ್ತಿರಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಒದ್ದೆ ಬಟ್ಟೆಯನ್ನೋ ಮಂಜುಗಡ್ಡೆಯನ್ನೋ ಇಡಬೇಕು. ಆಸ್ಪತ್ರೆ ತಲುಪುವವರೆಗೆ ತಂಪು ಮಾಡುವುದನ್ನು ಮುಂದೂಡಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು. ಎತ್ತರದಿಂದ ಬಿದ್ದವರ ವಿಷಯದಲ್ಲಿ ಎಚ್ಚರ ಬೇರೆ. ಕೈಕಾಲು ಹಿಡಿದು ಅವಸರದಿಂದ ಎತ್ತಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ರಕ್ತ ಸೋರುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿದು, ತಲೆ ಕುತ್ತಿಗೆಗಳನ್ನು ಅಲುಗಿಸದೆ ನೆರವು ಬರುವವರೆಗೆ ಕಾಯುವುದೇ ಮೇಲು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಸಂಸತ್ತು ಮಾಡಿದ ಕಾಯಿದೆಯು ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ ಮತ್ತು ಸುರಕ್ಷತೆಯ ಏರ್ಪಾಡುಗಳನ್ನು ಮಾಲೀಕನ ಕರ್ತವ್ಯವೆಂದು ಸಾರಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಈ ವಿಷಯವನ್ನು ತನ್ನಲ್ಲಿ ಅಡಕಗೊಳಿಸಿಕೊಂಡಿದೆ. ಕರ್ನಾಟಕದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯೂ ಇದೆ. ಆದರೆ 1996ರ ಕಾಯಿದೆ 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆಗೆ ಅನ್ವಯಿಸುವಂತೆ ರಚಿತವಾಗಿತ್ತು. ಹಳೆಯ ಬಡಾವಣೆಗಳ ಸಣ್ಣ ನಿವೇಶನಗಳಲ್ಲಿ ಆರೇಳು ಮಂದಿ ಸೇರಿ ಮನೆ ಕಟ್ಟುವುದೇ ಹೆಚ್ಚು. ಅಂಥ ಕಡೆ ಕಾನೂನಿನ ಕಣ್ಣು ತಲುಪದಿದ್ದಾಗ, ಮನೆ ಕಟ್ಟಿಸುವವರ ಮತ್ತು ನೆರೆಹೊರೆಯವರ ವಿವೇಕವೇ ಕಾವಲಾಗಬೇಕು.

ಆ ವಿವೇಕಕ್ಕೆ ಕನ್ನಡ ನಾಡಿನಲ್ಲಿ ಆಧಾರವಿಲ್ಲದಿಲ್ಲ. ದಾರಿಹೋಕರ ಬಾಯಾರಿಕೆಯನ್ನು ತಣಿಸಲು ಅರವಟ್ಟಿಗೆಯನ್ನು ಇಡಿಸುವುದು ಪುಣ್ಯಕಾರ್ಯವೆಂದು ಎಣಿಸಲ್ಪಟ್ಟಿತ್ತು. ಅದಕ್ಕಾಗಿ ನೀಡಿದ ದಾನಗಳನ್ನು ಶಾಸನಗಳು ಹೆಸರಿಸುತ್ತವೆ. ಇಂದಿಗೂ ರಾಮನವಮಿಯ ದಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬೀದಿಗಳಲ್ಲಿ ಪಾನಕ, ನೀರುಮಜ್ಜಿಗೆಗಳನ್ನು ಪರಿಚಯವಿಲ್ಲದವರಿಗೂ ಕರೆದು ಕೊಡುತ್ತಾರೆ. ಬೇಸಿಗೆಯ ಒಂದು ದಿನ ನಡೆಯುವ ಈ ಸತ್ಕಾರವು ಬೇಸಿಗೆಯುದ್ದಕ್ಕೂ ಪಕ್ಕದ ನಿವೇಶನದ ಸಾರುವೆಯವರೆಗೆ ಚಾಚಿದರೆ ಅದಕ್ಕೆ ಹೆಚ್ಚಿನ ಖರ್ಚೇನೂ ತಗಲುವುದಿಲ್ಲ.

ಮನೆ ಪೂರ್ಣಗೊಂಡು ಗೃಹಪ್ರವೇಶದ ತೋರಣ ಕಟ್ಟುವ ಹೊತ್ತಿಗೆ ಸಾರುವೆಯ ಗುರುತೂ ಇರುವುದಿಲ್ಲ. ನೆರಳಿಗೆಂದು ಕಟ್ಟಿದ ತಟ್ಟಿಯೂ, ನೀರಿನ ಕೊಡವೂ ಅಲ್ಲಿಂದ ಹೋಗಿರುತ್ತವೆ. ಉಳಿಯದ ಈ ವಸ್ತುಗಳಿಗಾಗಿ ಮಾಡಿದ ವೆಚ್ಚವು ವ್ಯರ್ಥವಾಗಿ ಕಾಣಬಹುದು. ಆದರೆ ಆ ಮನೆಯನ್ನು ಕಟ್ಟಿದವರೆಲ್ಲರೂ ಸಂಜೆ ಸುರಕ್ಷಿತವಾಗಿ ತಮ್ಮ ತಮ್ಮ ಮಕ್ಕಳ ಬಳಿಗೆ ಮರಳಿದ್ದರೆ, ಅದಕ್ಕೆ ಕಾರಣ ಆ ವೆಚ್ಚವೇ ಆಗಿರುತ್ತದೆ.